ದೀಪವಿಲ್ಲದ ಶನಿವಾರ

ಟೊಕ್. ಸ್ವಲ್ಪ ಹೊತ್ತು ಏನೂ ಇಲ್ಲ. ಮತ್ತೆ ಟೊಕ್, ಟೊಕ್.

ಸರ್ವಮಂಗಳಾ ಕಣ್ಣು ಬಿಟ್ಟಳು. ಮರಕ್ಕೆ ಮರ ತಾಗುವ ಸದ್ದು. ಯಾರದೋ ದನ ಹಗ್ಗ ಬಿಚ್ಚಿಕೊಂಡು ಹಿತ್ತಿಲಿಗೆ ನುಗ್ಗಿರಬೇಕು, ಅದರ ಕೊರಳಿನ ಮರದ ದೊಂಟೆ ಅಲ್ಲಾಡುತ್ತಿರಬೇಕು ಎಂದುಕೊಂಡಳು. ಹಿಂದಿನ ಮನೆಯ ನತಾಲ್ ಬಾಯಿ ಬೇಸಗೆಯೆಲ್ಲ ನೀರು ಹೊತ್ತು ಉಳಿಸಿಕೊಂಡ ಬಸಳೆ ಚಪ್ಪರ ನೆನಪಾಯಿತು. ಬೇರೆ ಯಾರಾದರೂ ಆಗಿದ್ದರೆ ಮಗ್ಗುಲು ಬದಲಾಯಿಸಿ ಮಲಗಿಬಿಡುತ್ತಿದ್ದರು. ಇವಳಿಂದ ಅದು ಆಗದು. ಮಲಗುವ ಮೊದಲು ಬಾಗಿಲಿಗೆ ಅಗುಳಿ ಹಾಕಿ, ಹಾಸಿಗೆಗೆ ಬಂದು, ಮತ್ತೆ ಎದ್ದುಹೋಗಿ ಅಗುಳಿಯನ್ನು ಮುಟ್ಟಿ ನೋಡುವ ಸ್ವಭಾವ. ಲಾಟೀನು ಹಚ್ಚಿ, ಮೂಲೆಯ ಕೋಲು ತೆಗೆದುಕೊಂಡು ಹೊರಬಂದಳು.

ಕೊಪ್ಪದಿಂದ ಬಾಳಗಡಿಗೆ ಹೋಗುವ ರಸ್ತೆಯ ಮಗ್ಗುಲಲ್ಲಿ ಹಿಂದೆ ಏಲಕ್ಕಿ ತುಂಬಿಡುತ್ತಿದ್ದ ಒಂದು ಗೋದಾಮಿತ್ತು. ಸುತ್ತಲಿನ ಕಾಫಿ ತೋಟಗಳಿಗೆ ಮಂಗಳೂರು ಕಡೆಯಿಂದ ಬಂದ ಕಿಲಸ್ತಾನರು ಅದನ್ನೇ ತೊಳೆದು ಬಳಿದು ತಮ್ಮ ಪ್ರಾರ್ಥನೆಯ ಇಗರ್ಜಿ ಮಾಡಿಕೊಂಡಿದ್ದರು. ಅದಕ್ಕೆ ಅಂಟಿಕೊಂಡ ಎರಡು ಕೋಣೆಗಳಲ್ಲಿ ಬಾಡಿಗೆಗಿದ್ದವಳು ಸರ್ವಮಂಗಳಾ, ಹೆಣ್ಣುಮಕ್ಕಳ ಶಾಲೆಯ ಉಪಾಧ್ಯಾಯಿನಿ. ಹಿಂದಿನ ಚಿಕ್ಕ ಮನೆಯಲ್ಲಿ ಇಗರ್ಜಿಯ ಕಸ ಗುಡಿಸಿ, ಬಟ್ಟೆ ಒಗೆದು, ದೀಪಕ್ಕೆ ಎಣ್ಣೆ ಹಾಕಿಕೊಂಡಿದ್ದ ವಿಧವೆ ನತಾಲ್ ಬಾಯಿ ಮತ್ತು ಅವರ ಸೊಸೆ ಸೆವ್ರಿನಾ. ನರಸಿಂಹರಾಜಪುರದಲ್ಲಿ ಜವಳಿ ಅಂಗಡಿ ಇಟ್ಟಿದ್ದ ಅಪ್ಪ ಜಯದೇವಪ್ಪನವರಿಗೆ ಮಗಳು ಹಿಡಿದ ಈ ಮನೆ ಸುತರಾಂ ಹಿಡಿಸಿರಲಿಲ್ಲ. "ಮೈಸೂರಿಗೆ ಕಳಿಸಿ ಬಿ.ಎ. ಓದಿಸಿದ್ದು ಕಿಲಸ್ತಾನರ ಗುಡಿ ಕಾಯೋಕೇನೆ?" ಎಂದು ಬಂದಾಗಲೆಲ್ಲ ಕೇಳುತ್ತಿದ್ದರು. ಒಂದು ಸಣ್ಣ ಮಾತು ಬಂದರೂ ಸಾಕು, ಗಾಡಿ ಕಟ್ಟಿಕೊಂಡು ಬಂದು ಕರೆದೊಯ್ಯುತ್ತೇನೆ ಎಂದೂ ಹೇಳಿದ್ದರು. ಅವರು ಹೇಳಿದರೆ ಮಾಡುವವರು.

ಹಿತ್ತಿಲಲ್ಲಿ ದನವಿರಲಿಲ್ಲ. ಸದ್ದು ಇಗರ್ಜಿಯ ಜಗುಲಿಯಿಂದ ಬರುತ್ತಿತ್ತು. ಅಲ್ಲಿ ಮೊಳೆಗೆ ನೇತುಹಾಕಿದ್ದ ಎರಡು ಮರದ ತುಂಡುಗಳು ಗಾಳಿಗೆ ಒಂದಕ್ಕೊಂದು ಬಡಿದುಕೊಳ್ಳುತ್ತಿದ್ದವು. ಮೇಲಿನ ಗಂಟೆಯ ನಾಲಿಗೆಗೆ ಯಾರೋ ಬಟ್ಟೆ ಸುತ್ತಿದ್ದರು. ಬಾಗಿಲು ಅರ್ಧ ತೆರೆದಿತ್ತು. ಒಳಗೆ ಕತ್ತಲು.

ಆ ಕತ್ತಲು ಅವಳ ಎದೆಗೆ ಒದ್ದಿತು.

ನಲವತ್ತು ದಿನದ ಉಪವಾಸ ಶುರುವಾದಾಗ ಪಾದ್ರಿಗಳು ಬಂದು ಇಲ್ಲೇ ಉಳಿದಿದ್ದರು. ಅಂದಿನಿಂದ ಪೀಠದ ಮುಂದೆ, ಕೆಂಪು ಗಾಜಿನ ಬಟ್ಟಲಲ್ಲಿ ಒಂದು ದೀಪ ಹಗಲು ರಾತ್ರಿ ಉರಿಯುತ್ತಿತ್ತು. ಅವಳ ಕಿಟಕಿಗೂ ಕಾಣುತ್ತಿತ್ತು, ಹಿಂದಿನ ಮನೆಯ ಕಿಟಕಿಗೂ ಕಾಣುತ್ತಿತ್ತು. ಎಚ್ಚರವಾದಾಗಲೆಲ್ಲ ಅದನ್ನು ನೋಡಿ ಮಲಗುವುದು ಅವಳಿಗೆ ಅಭ್ಯಾಸವಾಗಿಬಿಟ್ಟಿತ್ತು. "ಅದು ಉರೀತಾ ಇದ್ರೆ ಮನೆಯಲ್ಲಿ ಯಜಮಾನ ಇದ್ದಾನೆ ಅಂತ" ಎಂದು ನತಾಲ್ ಬಾಯಿ ಹೇಳಿದ್ದರು. ಎಣ್ಣೆ ಹಾಕುವಾಗ ಅವರು ಪ್ರತಿ ಸಂಜೆ ಮಗನ ಹೆಸರು ಹೇಳುವುದೂ ಅವಳಿಗೆ ಕೇಳಿಸುತ್ತಿತ್ತು. ಸಾಲ್ವದೋರ್. ದಂಡಿನಲ್ಲಿ ಗುಮಾಸ್ತನಾಗಿ ಹೋದವನು. ಹೋದ ವರ್ಷ ಸಿಂಗಾಪುರ ಜಪಾನಿನವರ ಕೈಸೇರಿದ ಮೇಲೆ ಕಾಣೆಯಾಗಿದ್ದಾನೆ ಎಂದಷ್ಟೇ ಸುದ್ದಿ ಬಂದಿತ್ತು. ಸತ್ತ ಎಂದೂ ಇಲ್ಲ, ಸೆರೆಸಿಕ್ಕ ಎಂದೂ ಇಲ್ಲ.

ಶುಭ ಶುಕ್ರವಾರದ ರಜೆಯೆಂದು ಅವಳು ಬೆಳಿಗ್ಗೆಯೇ ಹತ್ತಿರದ ನಾರ್ವೆ ಹಳ್ಳಿಯ ಒಬ್ಬ ಶಿಷ್ಯೆಯ ಮನೆಗೆ ಹೋಗಿ ಕತ್ತಲಾದ ಮೇಲೆ ಬಂದಿದ್ದಳು. ಇಲ್ಲಿ ಹಗಲು ಏನು ನಡೆಯಿತೋ ತಿಳಿಯದು. ಬಂದವಳು ಕಿಟಕಿಯ ಕಡೆ ನೋಡದೆ ಮಲಗಿದ್ದಳು, ಎಂದೂ ಇಲ್ಲದ್ದು. ಈಗ ನೋಡಿದರೆ ದೀಪವಿಲ್ಲ. ಬಾಗಿಲು ತೆರೆದು ಗಾಳಿ ನುಗ್ಗಿರಬೇಕು, ಇಲ್ಲವೆ ಎಣ್ಣೆ ತೀರಿರಬೇಕು. ಉಪವಾಸದಿಂದ ಸೋತ ಆ ಹೆಂಗಸು ಮರೆತು ಮಲಗಿರಬೇಕು. ಬೆಳಿಗ್ಗೆ ಎದ್ದು ಇದನ್ನು ಕಂಡರೆ? ಕಾಣೆಯಾದ ಮಗನ ಹೆಸರಲ್ಲಿ ಎಣ್ಣೆ ಹಾಕಿದ ದೀಪ ಇದು. ಸರ್ವಮಂಗಳಾಳ ತಾಯಿಯ ಮನೆಯಲ್ಲಿ ದೇವರ ದೀಪ 'ಆರಿತು' ಎಂದು ಬಾಯಲ್ಲಿ ಅನ್ನುವುದೂ ಇರಲಿಲ್ಲ, 'ದೊಡ್ಡದಾಯಿತು' ಎನ್ನುತ್ತಿದ್ದರು.

ನತಾಲ್ ಬಾಯಿಯನ್ನು ಎಬ್ಬಿಸಿದರೆ ಅವರು ನೋಡಿಯೇ ನೋಡುತ್ತಾರೆ. ಎಬ್ಬಿಸದಿದ್ದರೆ ಬೆಳಿಗ್ಗೆ ನೋಡುತ್ತಾರೆ. ಸರ್ವಮಂಗಳಾ ಕೊರಳಿನ ಲಿಂಗದ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದು ಜಗುಲಿಯಲ್ಲಿ ನಿಂತೇ ನಿಂತಳು. ಆಮೇಲೆ ಮನೆಗೆ ಹೋಗಿ, ಪೂಜೆಯ ಗೂಡಿನಿಂದ ತುಪ್ಪದ ಭರಣಿಯನ್ನೂ ಒಂದು ಹೂಬತ್ತಿಯನ್ನೂ ತಂದಳು. ಅವಳೇ ಹತ್ತಿಯನ್ನು ಹೊಸೆದು, ತುದಿ ಹಿಂಡಿ, ಮೊಗ್ಗಿನಂತೆ ನಿಲ್ಲುವ ಹಾಗೆ ಮಾಡಿಟ್ಟ ಬತ್ತಿ.

ಒಳಗೆ ಮೂರ್ತಿಗಳಿಗೆಲ್ಲ ನೇರಳೆ ಬಟ್ಟೆ ಮುಚ್ಚಿತ್ತು. ಪೀಠದ ಮೇಲೆ ಹಾಸೂ ಇಲ್ಲ, ಹೂವೂ ಇಲ್ಲ. ಪೀಠದ ನಡುವಿನ ಪುಟ್ಟ ಪೆಟ್ಟಿಗೆಯ ಬಾಗಿಲು ತೆರೆದು ಒಳಗೆ ಬರಿದಾಗಿತ್ತು. ಇದನ್ನೆಲ್ಲ ಅವಳು ಕಂಡಳು, ಆದರೆ ನಿಂತು ಯೋಚಿಸಲಿಲ್ಲ. ಮುಸುಕು ಹಾಕಿದ ಮೂರ್ತಿಗಳು ತನ್ನನ್ನು ನೋಡುತ್ತಿಲ್ಲವೆಂಬುದೇ ಅವಳಿಗೆ ಸಮಾಧಾನವಾಗಿತ್ತು. ಗೋಡೆಯ ಮೊಳೆಗೆ ಸುತ್ತಿದ್ದ ಸರಪಳಿ ಬಿಚ್ಚಿ ಗಾಜಿನ ಬಟ್ಟಲನ್ನು ಇಳಿಸಿದಳು. ಒಣಗಿತ್ತು. ತುಪ್ಪ ಹಾಕಿ, ಬತ್ತಿ ನಿಲ್ಲಿಸಿ, ಕಡ್ಡಿ ಗೀರಿದಳು. ಕೆಂಪು ಬೆಳಕು ಗೋಡೆಗೆ ಏರಿತು. ಬಾಗಿಲೆಳೆದು, ಜಗುಲಿಯ ಮರದ ತುಂಡುಗಳನ್ನು ಸದ್ದಾಗದಂತೆ ಒಂದರ ಮೇಲೊಂದು ಸಿಕ್ಕಿಸಿ, ಓಡುವವಳಂತೆ ಮನೆ ಸೇರಿದಳು. ಅಗುಳಿ ಹಾಕಿದಳು. ಮತ್ತೆ ಎದ್ದುಹೋಗಿ ಮುಟ್ಟಿ ನೋಡಿದಳು.

ಬೆಳಿಗ್ಗೆ ಏಳುವಾಗ ಕಿಟಕಿಯಲ್ಲಿ ಕೆಂಪು ಇರಲಿಲ್ಲ. ತುಪ್ಪ ತೀರಿತ್ತೇನೋ. ನತಾಲ್ ಬಾಯಿ ಇಗರ್ಜಿಯ ಮೆಟ್ಟಿಲ ಮೇಲೆ ಸುಮ್ಮನೆ ಕುಳಿತಿದ್ದರು. ಕೈಯಲ್ಲಿ ಪೊರಕೆಯಿಲ್ಲ, ಜಪಮಾಲೆಯಿಲ್ಲ. ಅವರು ಹಾಗೆ ಕೈಕಟ್ಟಿ ಕುಳಿತದ್ದನ್ನು ಅವಳು ಕಂಡೇ ಇರಲಿಲ್ಲ.

"ರಾತ್ರಿ ನಿದ್ದೆ ಬಂತಾ ಟೀಚರಮ್ಮ?"

"ಸ್ವಲ್ಪ ಬಂತು" ಎಂದಳು ಸರ್ವಮಂಗಳಾ. ಸುಳ್ಳು ಹೇಳದೆ ಉಳಿಯುವುದು ಹೇಗೆಂದು ಅವಳಿಗೆ ಗೊತ್ತಿತ್ತು. "ನಿಮ್ಮ ಇಗರ್ಜಿ ಬಾಗಿಲು ಹಾಕಿರಲಿಲ್ಲವಲ್ಲ?"

"ತೆಗೆದೇ ಇಡೋದು ಮಾರಾಯ್ತಿ. ಕದೀಲಿಕ್ಕೆ ಒಳಗೆ ಎಂತ ಉಂಟು? ಪರಮ ಪ್ರಸಾದದ ಪೆಟ್ಟಿಗೆ ಖಾಲಿ. ಖಾಲಿ ಅಂತ ಎಲ್ಲರಿಗೂ ಕಾಣ್ಲಿ ಅಂತಲೇ ಅದರ ಬಾಗಿಲೂ ತೆಗೆದಿಡೋದು. ನಿನ್ನೆ ಶಿಲುಬೆಗೆ ಮುತ್ತು ಕೊಟ್ಟು ಆದ ಮೇಲೆ ಪಾದ್ರಿಗಳು ಬಾಳೆಹೊನ್ನೂರು ಕಡೆಯ ತೋಟಕ್ಕೆ ಹೋದ್ರು, ಇನ್ನು ಬರೋದು ನಾಳೆ ಬೆಳಿಗ್ಗೆ. ದೀಪ ನಾನೇ ಆರಿಸಿದೆ. ಗಂಟೆಗೆ ಬಟ್ಟೆ ಸುತ್ತಿ, ಅದರ ಬದಲಿಗೆ ಮರದ್ದನ್ನು ನೇತುಹಾಕಿದೆ. ಈ ದಿನಗಳಲ್ಲಿ ಗಂಟೆ ಮಾತಾಡಬಾರದು."

ಸರ್ವಮಂಗಳಾ ತಲೆಯೆತ್ತಿ ಬಟ್ಟೆ ಸುತ್ತಿದ ಗಂಟೆಯನ್ನು ನೋಡಿದಳು. "ನೀವೇ ಆರಿಸಿದ್ದಾ?"

"ಮತ್ತೆ? ಯಜಮಾನ ಮನೆಯಲ್ಲಿ ಇಲ್ವಲ್ಲ. ಗೋರಿಯೊಳಗೆ."

"ಇವತ್ತೂ ನಿಮಗೆ ಹಬ್ಬವೇ ಏನು?"

ನತಾಲ್ ಬಾಯಿ ನಕ್ಕರು. "ಶುಕ್ರವಾರ ಎಲ್ಲರಿಗೂ ಗೊತ್ತು, ಬಂದು ಅಳ್ತಾರೆ. ಭಾನುವಾರವೂ ಗೊತ್ತು, ಹೊಸ ಸೀರೆ, ಹಂದಿ ಸಾರು. ನಡುವಿನ ಈ ಶನಿವಾರ ಉಂಟಲ್ಲ, ಇದನ್ನು ಯಾರೂ ಲೆಕ್ಕಕ್ಕೇ ಹಿಡಿಯೋದಿಲ್ಲ. ಅಕ್ಕಿ ನೆನೆಹಾಕ್ಲಿಕ್ಕೆ ಒಂದು ದಿನ ಅಂತ ಮಾಡಿದ್ದಾರೆ. ನನಗೆ ಮಾತ್ರ ಇದೇ ದೊಡ್ಡದು. ಇವತ್ತು ಏನೂ ಇಲ್ಲ ಟೀಚರಮ್ಮ. ಪೂಜೆ ಇಲ್ಲ, ದೀಪ ಇಲ್ಲ. ಸತ್ತದ್ದು ಗೊತ್ತು, ಎದ್ದದ್ದು ಗೊತ್ತಿಲ್ಲ. ಆ ದಿನ ಯಜಮಾನನ ತಾಯಿ ಎಂತ ಮಾಡಿದ್ಲು? ಒಲೆ ಹಚ್ಚಿದ್ಲಾ, ತಲೆ ಬಾಚಿದ್ಲಾ? ಯಾರೂ ಬರೆದಿಟ್ಟಿಲ್ಲ. ಇವತ್ತು ದೇವರ ಹತ್ತಿರ ಏನೂ ಕೇಳಬಾರದು. ಕೇಳಿದ್ರೂ ಒಳಗೆ ಯಾರೂ ಇಲ್ಲ. ಆ ತಾಯಿಯ ಜೊತೆ ಸುಮ್ಮನೆ ಕೂತ್ಕೊಳ್ಳಬೇಕು, ಅಷ್ಟೇ." ಸೆರಗಿನ ಅಂಚನ್ನು ಬೆರಳಿಗೆ ಸುತ್ತಿದರು. "ನನಗೆ ಹೋದ ವರ್ಷದಿಂದ ದಿನಾ ಶನಿವಾರವೇ."

ಹೀಗೆ ಹೇಳುವಾಗಲೂ ಅವರ ಮುಖದಲ್ಲಿ ಏನೋ ಒಂದು ನೆಮ್ಮದಿಯಿತ್ತು, ಜ್ವರ ಬಿಟ್ಟವರ ಮುಖದಲ್ಲಿ ಇರುವಂಥದು. ಸರ್ವಮಂಗಳಾ ಅದನ್ನು ಗಮನಿಸಿದಳು. ಕಾರಣ ಮುಂದಿನ ಮಾತಿನಲ್ಲೇ ಸಿಕ್ಕಿತೆಂದುಕೊಂಡಳು.

"ಸೆವ್ರಿನಾ ಹೋಗೋದಿಲ್ಲ ಅಂತಾಳೆ. ರಾತ್ರಿಯೇ ಟ್ರಂಕು ಬಿಚ್ಚಿ ಸೀರೆಯೆಲ್ಲ ತೆಗೆದಿಟ್ಟಿದ್ದಾಳೆ. ಯಾಕೆ ಅಂದ್ರೆ ಬಾಯಿ ಬಿಡೋದಿಲ್ಲ."

ಸೋಮವಾರದ ಬಸ್ಸಿಗೆ ಸೆವ್ರಿನಾ ಮಂಗಳೂರಿಗೆ ಹೊರಡಬೇಕಿತ್ತು. ಅಲ್ಲಿನ ಒಂದು ಆಸ್ಪತ್ರೆಯಲ್ಲಿ ನರ್ಸಿನ ತರಬೇತಿಗೆ ಅವಳಿಗೆ ಜಾಗ ಸಿಕ್ಕಿತ್ತು. ಅದಕ್ಕೆಂದು ಆರು ತಿಂಗಳು ದಿನಾ ಸಂಜೆ ಇಂಗ್ಲಿಷು ಹೇಳಿಕೊಟ್ಟವಳು ಸರ್ವಮಂಗಳಾ. ಹುಡುಗಿ ಚುರುಕು. ತೋಟದ ಆಳಿನ ಕಾಲಿಗೆ ಕತ್ತಿ ತಾಗಿದಾಗ, ಸುತ್ತ ನಿಂತ ಗಂಡಸರೆಲ್ಲ ಕೂಗಾಡುತ್ತಿದ್ದರೆ, ಇವಳು ಮಾತಿಲ್ಲದೆ ಸೀರೆ ಹರಿದು ಕಟ್ಟಿ ರಕ್ತ ನಿಲ್ಲಿಸಿದ್ದಳು. ಗಂಡನ ಸುದ್ದಿ ಗೊತ್ತಾಗುವ ಮೊದಲೇ ಮನೆ ಬಿಡುತ್ತಾಳೆ, ಅವನನ್ನು ಸತ್ತವರ ಲೆಕ್ಕಕ್ಕೆ ಸೇರಿಸಿಬಿಟ್ಟಳು ಎಂದು ತೋಟದ ಹೆಂಗಸರು ಆಡಿಕೊಂಡಾಗ, ಅವರ ಬಾಯಿ ಮುಚ್ಚಿಸಿದ್ದು ನತಾಲ್ ಬಾಯಿಯೇ. ಆದರೂ ಸೊಸೆ ಉಳಿಯುತ್ತಾಳೆಂದರೆ ಯಾವ ಅತ್ತೆಗೆ ಒಳಗೊಳಗೇ ಹಿಗ್ಗಾಗದು?

"ನೀವೇ ಅವಳಿಗೆ ಬುದ್ಧಿ ಹೇಳಿ, ಟೀಚರಮ್ಮ" ಎಂದರು ನತಾಲ್ ಬಾಯಿ. "ನನ್ನ ಮುಖ ನೋಡಿಕೊಂಡು ಅವಳು ಕೊಳೆಯೋದು ಬೇಡ. ಹೋಗಲೇಬೇಕು ಅಂತ ಹೇಳಿ."

ಆ ಹಗಲು ಸರ್ವಮಂಗಳಾಳಿಗೆ ಕಳೆಯಲೇ ಇಲ್ಲ. ಪರೀಕ್ಷೆಯ ಉತ್ತರಪತ್ರಿಕೆ ಹರಡಿಕೊಂಡು ಕುಳಿತಳು. ಒಂದೇ ಹಾಳೆಯನ್ನು ಮತ್ತೆ ಮತ್ತೆ ಓದಿದಳು. ಕೆಂಪು ಮಸಿ ಒಣಗಿತು. ಸೆವ್ರಿನಾ ರಾತ್ರಿಯೇ ಟ್ರಂಕು ಬಿಚ್ಚಿದ್ದಾಳೆ. ಅಂದರೆ ಬೆಳಕನ್ನು ನೋಡಿದ್ದಾಳೆ, ಗಂಡ ಬದುಕಿರುವ ಶಕುನವೆಂದು ತಿಳಿದಿದ್ದಾಳೆ. ಇದರಲ್ಲಿ ಅನುಮಾನಕ್ಕೆ ಎಡೆಯೇ ಇರಲಿಲ್ಲ, ಆದರೂ ಅನುಮಾನಕ್ಕೆ ಎಡೆ ಹುಡುಕುತ್ತ ಮಧ್ಯಾಹ್ನ ಮಾಡಿದಳು.

ಹೇಳಿದರೆ ಏನಾಗುತ್ತದೆ? ಬೇರೆ ಜಾತಿಯ ಹೆಂಗಸು ನಡುರಾತ್ರಿ ಇಗರ್ಜಿ ಹೊಕ್ಕು, ಅವರ ದೇವರು ಇಲ್ಲದ ದಿನ ಅವರ ದೀಪ ಹಚ್ಚಿದಳು. ಪಾದ್ರಿಗಳ ಕಿವಿಗೆ ಬಿದ್ದರೆ ಮನೆ ಬಿಡಬೇಕು. ಊರಿನ ಕಿವಿಗೆ ಬಿದ್ದರೆ ಅದಕ್ಕೆ ಕೈಕಾಲು ಮೂಡುತ್ತದೆ: ಟೀಚರು ಕಿಲಸ್ತಾನರ ಪೂಜೆ ಮಾಡುತ್ತಾಳಂತೆ. ಅಪ್ಪ ಗಾಡಿ ಕಟ್ಟಿಸುತ್ತಾರೆ. ಶಾಲೆ, ಈ ಎರಡು ಕೋಣೆ, ಸ್ವಂತದ್ದೆಂದು ಇರುವ ಒಂದು ಬೀಗದಕೈ, ಎಲ್ಲ ಹೋಗುತ್ತದೆ. ಹೇಳದಿದ್ದರೆ ಸೆವ್ರಿನಾ ಉಳಿಯುತ್ತಾಳೆ. ಒಂದು ಹೂಬತ್ತಿಯನ್ನು ನಂಬಿ ಈ ಹಿತ್ತಿಲಿನಲ್ಲಿ ಮುದುಕಿಯಾಗುತ್ತಾಳೆ.

ವಾಕ್ಯಗಳನ್ನು ಮನಸ್ಸಿನಲ್ಲೇ ಬರೆದಳು, ಹೊಡೆದುಹಾಕಿದಳು. 'ಒಂದು ತಪ್ಪು ತಿಳುವಳಿಕೆ ಆಗಿದೆ' ಎಂದು ಶುರುಮಾಡಬಹುದು. ಬೇಡ, ಅದು ಆಫೀಸಿನ ಮಾತು. 'ನಿನಗೆ ಒಂದು ಹೇಳಬೇಕು' ಎಂದರೆ ಹುಡುಗಿ ಆಗಲೇ ಹೆದರುತ್ತಾಳೆ. ಸಂಜೆ ಬಾವಿಯ ರಾಟೆ ಕಿರುಗುಟ್ಟಿದ್ದು ಕೇಳಿದಾಗ ಯಾವ ವಾಕ್ಯವೂ ಸಿದ್ಧವಾಗಿರಲಿಲ್ಲ. ಆದರೂ ಎದ್ದು ಹೋದಳು.

ಸೆವ್ರಿನಾ ಕೊಡವನ್ನು ಬಾವಿಕಟ್ಟೆಯ ಮೇಲಿಟ್ಟು, ಇವಳು ಬಾಯಿ ತೆರೆಯುವ ಮೊದಲೇ ಹೇಳಿದಳು: "ಅತ್ತೆ ಕಳಿಸಿದ್ರಲ್ಲ? ನಾನು ಹೋಗೋದಿಲ್ಲ ಟೀಚರಮ್ಮ. ನೀವು ಅಷ್ಟು ಕಷ್ಟಪಟ್ಟು ಕಲಿಸಿದಿರಿ, ನನ್ನ ಮೇಲೆ ಸಿಟ್ಟು ಮಾಡಬೇಡಿ."

"ಯಾಕೆ ಹೋಗೋದಿಲ್ಲ?"

ಹುಡುಗಿ ಹಿಂದಿನ ಮನೆಯ ಕಡೆ ನೋಡಿ ದನಿ ತಗ್ಗಿಸಿದಳು. "ನಿನ್ನೆ ಶಿಲುಬೆಗೆ ಮುತ್ತು ಕೊಡುವಾಗ ಕೇಳಿಕೊಂಡೆ. ಅವರು ಬದುಕಿದ್ದರೆ ನನಗೊಂದು ಗುರುತು ಕೊಡು, ಇಲ್ಲಾಂದ್ರೆ ಸೋಮವಾರ ಬಸ್ಸು ಹತ್ತುತ್ತೇನೆ ಅಂತ. ರಾತ್ರಿ ಏಳ್ತೇನೆ, ನೋಡಿದ್ರೆ ದೀಪ ಉರೀತಾ ಉಂಟು. ಅತ್ತೆ ಆರಿಸಿದ್ದನ್ನು ನಾನೇ ಕಣ್ಣಾರೆ ನೋಡಿದ್ದೆ. ಯಾರಿಗೂ ಹೇಳಿಲ್ಲ. ನಿಮಗೇ ಮೊದಲು."

"ಅದನ್ನು ಹಚ್ಚಿದ್ದು ನಾನು" ಎಂದಳು ಸರ್ವಮಂಗಳಾ.

ಇಷ್ಟು ನೇರವಾದ ಮಾತನ್ನು ಅವಳು ಎಂದೂ ಆಡಿರಲಿಲ್ಲ. ಮರದ ಸದ್ದು, ತೆರೆದ ಬಾಗಿಲು, ಗಾಳಿಗೆ ಆರಿತೆಂದುಕೊಂಡದ್ದು, ನತಾಲ್ ಬಾಯಿಗೆ ಅಪಶಕುನವಾಗದಿರಲಿ ಎಂದು ಹೆದರಿದ್ದು, ಒಂದರ ಹಿಂದೊಂದು ಹೇಳಿದಳು. ಹುಡುಗಿಯ ಮುಖ ಮಾತ್ರ ಗಟ್ಟಿಯಾಗುತ್ತ ಬಂತು.

"ನನ್ನನ್ನು ಕಳಿಸಲಿಕ್ಕೆ ಹೀಗೆ ಹೇಳ್ತೀರಿ."

"ನಾನು ಯಾವಾಗ ನಿನಗೆ ಸುಳ್ಳು ಹೇಳಿದ್ದೇನೆ?"

"ಇಷ್ಟರ ತನಕ ಇಲ್ಲ. ಒಳ್ಳೇದಾಗಲಿ ಅಂತ ಈಗ ಹೇಳಬಹುದಲ್ಲ? ದೊಡ್ಡವರು ಹಾಗೇ ಮಾಡೋದು."

ಬೆಳಗಿನಿಂದ ಹೇಳಲೋ ಬೇಡವೋ ಎಂದು ತೂಗುತ್ತಿದ್ದವಳಿಗೆ, ಹೇಳಿದ ಮೇಲೂ ನಂಬದೆ ಹೋಗಬಹುದು ಎಂಬುದು ಹೊಳೆದೇ ಇರಲಿಲ್ಲ. "ಬಾ" ಎಂದು ಕೈಹಿಡಿದಳು. "ನೋಡು ಬಾ."

ಇಗರ್ಜಿಯೊಳಗೆ ಇನ್ನೂ ಸಂಜೆಯ ಬೆಳಕಿತ್ತು. ಪಾದ್ರಿಗಳು ಬರುವ ತನಕ ಯಾರೂ ಪೀಠದ ಹತ್ತಿರ ಹೋಗುವುದಿಲ್ಲವಾದ್ದರಿಂದ ದೀಪದ ಬಟ್ಟಲು ರಾತ್ರಿ ಇದ್ದ ಹಾಗೆಯೇ ತೂಗುತ್ತಿತ್ತು. ಈ ಸಲ ಸರಪಳಿ ಇಳಿಸಿದವಳು ಸೆವ್ರಿನಾ. ಬಟ್ಟಲಿನ ತಳದಲ್ಲಿ ಬಿಳಿಯಾಗಿ ಹೆಪ್ಪುಗಟ್ಟಿದ ತುಸು ತುಪ್ಪ, ಅದರ ನಡುವೆ ತುದಿ ಕಪ್ಪಾಗಿ, ಬುಡ ಹೂವಿನಂತೆ ಹರಡಿ ನಿಂತ ಬತ್ತಿ. ಇಗರ್ಜಿಯ ಬತ್ತಿ ನೂಲಿನದು, ಬೆಂಡಿನ ತುಂಡಿನ ಮೇಲೆ ಎಣ್ಣೆಯಲ್ಲಿ ತೇಲುವಂಥದು. ಇಂಥ ಬತ್ತಿಯನ್ನು ಸೆವ್ರಿನಾ ನೋಡಿದ್ದು ಒಂದೇ ಕಡೆ, ಇಂಗ್ಲಿಷು ಕಲಿಯಲು ಹೋದಾಗ, ಸರ್ವಮಂಗಳಾಳ ಪೂಜೆಯ ಗೂಡಿನಲ್ಲಿ.

ಬಟ್ಟಲನ್ನು ಮೂಗಿನ ಹತ್ತಿರ ತಂದಳು. "ತುಪ್ಪ" ಎಂದಳು. ನಗು ತಡೆಯಲಾಗದೆ ಬಾಯಿಗೆ ಸೆರಗು ಹಿಡಿದಳು. "ನಾಳೆಯ ಪಾಸ್ಕ ಹಬ್ಬಕ್ಕೆ ಒಂದು ಚಮಚ ತುಪ್ಪ ಸಿಗದೆ ಅತ್ತೆ ಊರೆಲ್ಲ ಸುತ್ತಿದ್ರು. ನೀವು ದೀಪಕ್ಕೆ ಹಾಕಿದ್ರಾ!"

ನಗುತ್ತ ನಗುತ್ತಲೇ ಪೀಠದ ಮೆಟ್ಟಿಲ ಮೇಲೆ ಕುಸಿದು ಕುಳಿತಳು. ಯಾವಾಗ ಅಳು ಶುರುವಾಯಿತೋ ತಿಳಿಯಲಿಲ್ಲ. ಸರ್ವಮಂಗಳಾ ಕೈ ಚಾಚಿ ಹಿಂದಕ್ಕೆಳೆದುಕೊಂಡಳು. ಕೊನೆಗೆ ಅವಳ ಪಕ್ಕ ಕುಳಿತಳು.

"ಯಾಕೆ ಮಾಡಿದ್ರಿ?" ಎಂದಳು ಸೆವ್ರಿನಾ, ಈಗ ಸಿಟ್ಟಿನಿಂದ. "ಇದು ನಿಮ್ಮ ಮನೆಯಾ? ಒಂದು ದಿನ ದೀಪ ಇಲ್ಲದೆ ಇದ್ರೆ ನಿಮಗೇನಾಗ್ತಿತ್ತು?"

"ಹೆದರಿಕೆ. ಅಷ್ಟೇ."

"ನನಗೂ ಹೆದರಿಕೆಯೇ ಆದದ್ದು." ಬಟ್ಟಲನ್ನು ಮಡಿಲಲ್ಲಿಟ್ಟುಕೊಂಡಳು. "ಬೆಳಕು ಕಂಡ ಕೂಡಲೆ ಸಂತೋಷ ಆಗಬೇಕಿತ್ತಲ್ಲ ಟೀಚರಮ್ಮ? ಆಗ್ಲಿಲ್ಲ. ಅಯ್ಯೋ, ಇನ್ನು ಹೋಗುವ ಹಾಗಿಲ್ಲವಲ್ಲ ಅಂತ ಮೊದಲು ಬಂತು. ಅವರು ಬದುಕಿದ್ದಾರೆ ಅನ್ನೋದು ಆಮೇಲೆ. ಎಂಥ ಹೆಂಡತಿ ನಾನು ಅಂತ ರಾತ್ರಿಯೇ ಟ್ರಂಕು ಬಿಚ್ಚಿದೆ."

ಪೀಠದ ಮೇಲೆ ತೆರೆದ ಪೆಟ್ಟಿಗೆ ಬರಿದಾಗಿಯೇ ಇತ್ತು. ಜಗುಲಿಯ ಮರದ ತುಂಡುಗಳು ಸಿಕ್ಕು ಬಿಡಿಸಿಕೊಂಡು ಒಮ್ಮೆ ಟೊಕ್ ಎಂದವು. ಬೆಳಿಗ್ಗೆ ನತಾಲ್ ಬಾಯಿ ಹೇಳಿದ ಶನಿವಾರದ ಮಾತು ಸರ್ವಮಂಗಳಾಳಿಗೆ ಈಗ ಅರ್ಥವಾಯಿತು. ಅರ್ಥವಾದದ್ದರಿಂದ ಏನೂ ಹಗುರವಾಗಲಿಲ್ಲ.

"ಹಾಗಾದ್ರೆ ಅವರದ್ದು ಏನೂ ಗೊತ್ತಿಲ್ಲ" ಎಂದಳು ಸೆವ್ರಿನಾ.

"ಗೊತ್ತಿಲ್ಲ."

"ನಿನ್ನೆ ಹೇಗಿತ್ತೋ ಹಾಗೆ."

"ಹಾಗೇ."

ಹುಡುಗಿ ಮೂಗು ಒರೆಸಿಕೊಂಡಳು. ಬಟ್ಟಲನ್ನು ಸೆರಗಿನಿಂದ ತಿಕ್ಕಿ ತಿಕ್ಕಿ ಒಣಗಿಸಿದಳು. ಬತ್ತಿಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಸರಪಳಿ ಏರಿಸಿ ಮೊಳೆಗೆ ಸುತ್ತಿದಳು. "ಗೊತ್ತಿಲ್ಲದೇ ಹೋಗ್ತೇನೆ" ಎಂದಳು. "ಬಂದ್ರೆ ಮಂಗಳೂರಿಗೇ ಬರಲಿ. ನಾನೇನು ಸಮುದ್ರ ದಾಟಿ ಹೋಗ್ತೇನಾ?" ಬಾಗಿಲ ಹತ್ತಿರ ನಿಂತು ತಿರುಗಿದಳು. "ಅತ್ತೆಗೆ ಇದನ್ನು ಹೇಳ್ಲಿಕ್ಕೆ ನನ್ನಿಂದ ಆಗೋದಿಲ್ಲ. ಹೇಳಬೇಕಾದ್ರೆ ನೀವೇ ಹೇಳಿ. ನಾನು ಹೋದ ಮೇಲೆ."

"ಹೇಳುತ್ತೇನೆ" ಎಂದು ಸರ್ವಮಂಗಳಾ ಒಪ್ಪಿಕೊಂಡಳು. ಒಮ್ಮೆ ಬಾಯಿಬಿಟ್ಟಾಗಿತ್ತು. ಎರಡನೆಯ ಸಲ ಸುಲಭವಾದೀತು ಎನ್ನಿಸಿತ್ತು.

ಭಾನುವಾರ ಬೆಳಕು ಹರಿಯುವ ಮೊದಲೇ ಪಾದ್ರಿಗಳು ಬಂದರು. ಗಂಟೆಯ ಬಟ್ಟೆ ಬಿಚ್ಚಿದರು. ತೋಟದ ಜನ ಹೊಸಬಟ್ಟೆ ಉಟ್ಟು, ಎಣ್ಣೆ ಹಾಕಿ ತಲೆ ಬಾಚಿಕೊಂಡು ಬಂದು ಜಗುಲಿ ತುಂಬಿದರು. ಸರ್ವಮಂಗಳಾ ಕಿಟಕಿಯಲ್ಲಿ ನಿಂತು ನೋಡುತ್ತಿದ್ದಾಗ ಕೆಂಪು ದೀಪ ಮತ್ತೆ ಹತ್ತಿತು. ಗಂಟೆ ಎಡೆಬಿಡದೆ ಮೊಳಗಿತು. ಅಷ್ಟು ಸದ್ದಿನಲ್ಲೂ ಅವಳು ಮನಸ್ಸಿನಲ್ಲಿ ವಾಕ್ಯ ಪೋಣಿಸುತ್ತಿದ್ದಳು. ನತಾಲ್ ಬಾಯಿ ಬಾಳೆಲೆಯಲ್ಲಿ ಸಣ್ಣಗೆ ಹೆಚ್ಚಿದ ಬಾಳೆಹಣ್ಣು, ಬೆಲ್ಲ ತಂದುಕೊಟ್ಟರು. "ನಿಮಗಾಗುವಂಥದ್ದೇ ತಂದೆ. ನಮ್ಮ ಪಾತ್ರೆಯದ್ದಲ್ಲ, ಎಲೆಯಲ್ಲಿ ಹೆಚ್ಚಿದ್ದು" ಎಂದರು. ಅವರ ಮುಖದ ಆ ನೆಮ್ಮದಿ ಇನ್ನೂ ಹಾಗೇ ಇತ್ತು. ಸೊಸೆ ಮತ್ತೆ ಟ್ರಂಕು ತುಂಬಿದ ಮೇಲೂ ಇತ್ತು. ಅದು ಅವಳನ್ನು ಕೊರೆಯತೊಡಗಿತು.

ಸೋಮವಾರ ಬಸ್ ನಿಲ್ದಾಣದಲ್ಲಿ ಇದ್ದಿಲ ಬಸ್ಸಿನ ಹಿಂಬದಿಯ ಕುಲುಮೆಗೆ ಗಾಳಿ ಹಾಕುತ್ತಿದ್ದರು. ಪೆಟ್ರೋಲು ದಂಡಿನ ಪಾಲಾದ ಮೇಲೆ ಎಲ್ಲ ಬಸ್ಸುಗಳದ್ದೂ ಅದೇ ಪಾಡು. ಏಜೆಂಟ್ ಮಲ್ಲೇಶಪ್ಪ ಹೊಗೆಯೊಳಗಿನಿಂದ ಕೂಗಿದ: "ಏನಮ್ಮ ಸೆವ್ರಿನಾ, ಡಾಕ್ಟ್ರಾಗ್ತೀಯಂತೆ? ಮೊದಲು ನಮ್ಮ ಈ ಬಸ್ಸಿನ ದಮ್ಮಿಗೆ ಒಂದು ಮದ್ದು ಹೇಳಿ ಹೋಗು ಮಾರಾಯ್ತಿ. ಶೃಂಗೇರಿ ಮುಟ್ಟೋದ್ರೊಳಗೆ ನಾಕು ಸಲ ಕೆಮ್ಮುತ್ತೆ."

"ಇದ್ದಿಲು ಕಮ್ಮಿ ಮಾಡಿ, ನೀವು ಬೀಡಿ ಬಿಡಿ" ಎಂದಳು ಸೆವ್ರಿನಾ. ಸುತ್ತಲಿದ್ದವರು ನಕ್ಕರು.

ಅತ್ತೆ ಅವಳ ಹಣೆಯ ಮೇಲೆ ಹೆಬ್ಬೆರಳಿನಿಂದ ಶಿಲುಬೆಯ ಗುರುತು ಎಳೆದರು. "ಆಗುಂಬೆಯಲ್ಲಿ ಘಾಟಿ ಇಳಿಯುವ ಸಣ್ಣ ಗಾಡಿಗೆ ಬದಲಾಯಿಸುವಾಗ ಟ್ರಂಕು ನೋಡಿಕೋ" ಎಂದಷ್ಟೇ ಹೇಳಿದರು. ಸೆವ್ರಿನಾ ಕಿಟಕಿಯಿಂದ ಸರ್ವಮಂಗಳಾಳನ್ನು ನೋಡಿ, ನೆನಪಿದೆಯಲ್ಲ ಎಂಬಂತೆ ಸೊಂಟವನ್ನು ಮುಟ್ಟಿಕೊಂಡಳು. ಬಸ್ಸು ಎರಡು ಸಲ ಕೆಮ್ಮಿ ಹೊರಟಿತು.

ಬಾಳಗಡಿ ರಸ್ತೆಯಲ್ಲಿ ಇಬ್ಬರೂ ಹಿಂದಿರುಗಿದರು. ಹೇಳುವುದಾದರೆ ಈಗ. ವಾಕ್ಯ ಸಿದ್ಧವಿತ್ತು. ಸರ್ವಮಂಗಳಾ ಗಂಟಲು ಸರಿಮಾಡಿಕೊಂಡಳು. ಅಷ್ಟರಲ್ಲಿ ನತಾಲ್ ಬಾಯಿಯೇ ಹೇಳಿದರು:

"ನಿಮಗೊಂದು ಮಾತು ಹೇಳ್ಲಾ? ಅವಳು ಹೋಗಲಿ ಅಂತ ಬಾಯಿ ಕಟ್ಟಿಕೊಂಡಿದ್ದೆ. ಶುಕ್ರವಾರ ರಾತ್ರಿ ನಮ್ಮ ದೀಪ ಉರೀತಿತ್ತು."

ಸರ್ವಮಂಗಳಾಳ ಕಾಲು ನಿಂತಿತು.

"ನಾನೇ ಕೈಯಾರೆ ಆರಿಸಿದ್ದು. ಎಣ್ಣೆ ತೆಗೆದು, ಬಟ್ಟಲು ಒರೆಸಿಟ್ಟಿದ್ದೆ. ರಾತ್ರಿ ನೀರು ಕುಡೀಲಿಕ್ಕೆ ಎದ್ದವಳು ಕಿಟಕಿಯಲ್ಲಿ ನೋಡ್ತೇನೆ, ಕೆಂಪಗೆ ಉಂಟು. ಒಳಗೆ ಹೋಗಿ ನೋಡಬಾರದು ಅನ್ನಿಸ್ತು, ಹೋಗಲಿಲ್ಲ. ಹಾಸಿಗೆಯಲ್ಲೇ ಕೂತು ನೋಡ್ತಾ ಇದ್ದೆ." ಅವರು ನಡೆಯುತ್ತಲೇ ಇದ್ದರು, ರಸ್ತೆಯನ್ನೇ ನೋಡುತ್ತ. "ಆ ಹುಡುಗಿಗೆ ಹೇಳಿದ್ದರೆ ಅವಳು ಖಂಡಿತ ಹೋಗ್ತಿರಲಿಲ್ಲ. ಪಾದ್ರಿಗಳಿಗೆ ಹೇಳಿದ್ರೆ ಮುದುಕಿಗೆ ಉಪವಾಸ ತಲೆಗೇರಿದೆ ಅಂತಾರೆ. ಶನಿವಾರ ಏನೂ ಕೇಳಬಾರದು ಅಂತ ನಿಮಗೆ ಹೇಳಿದೆ ಅಲ್ವಾ? ನಾನು ಕೇಳಿರಲಿಲ್ಲ ಟೀಚರಮ್ಮ. ಆಣೆಯಾಗಿ ಕೇಳಿರಲಿಲ್ಲ. ಕೇಳದೆ ಬಂತು."

ಎದುರಿನಿಂದ ಹುಲ್ಲಿನ ಗಾಡಿಯೊಂದು ಬಂತು. ಇಬ್ಬರೂ ಅಂಚಿಗೆ ಸರಿದು ನಿಂತರು. ಗಾಡಿ ದಾಟಿಹೋಗುವಷ್ಟು ಹೊತ್ತು ಸರ್ವಮಂಗಳಾಳಿಗೆ ಸಿಕ್ಕಿತು. ಸೆವ್ರಿನಾಳಿಗೆ ನಿಜ ಹೇಳಲೇಬೇಕಿತ್ತು, ಆ ಬೆಳಕು ಅವಳನ್ನು ಕಟ್ಟಿಹಾಕಿತ್ತು. ಇವರು ಅದೇ ಬೆಳಕನ್ನು ಎದೆಯಲ್ಲಿಟ್ಟುಕೊಂಡೇ ಸೊಸೆಯ ಕಟ್ಟು ಬಿಚ್ಚಿ ಕಳಿಸಿದ್ದರು. ಹಾಗೆಂದು ಆ ಗುರುತು ನಿಜವಾಗುತ್ತದೆಯೇ? ಇಲ್ಲ. ಬತ್ತಿ ಯಾರದೆಂದು ಅವಳಿಗೆ ಗೊತ್ತು.

"ನಿಮ್ಮ ಕಿಟಕಿಗೂ ಕಾಣುತ್ತಲ್ಲ" ಎಂದರು ನತಾಲ್ ಬಾಯಿ. ಮೊದಲ ಸಲ ಅವರ ದನಿ ಸ್ವಲ್ಪ ನಡುಗಿತು. "ನೀವು ನೋಡಿದ್ರಾ? ನನ್ನ ಕಣ್ಣೇ ಮೋಸ ಮಾಡಿತೋ ಏನೋ."

ಎರಡು ದಿನದಿಂದ ಪೋಣಿಸಿಟ್ಟ ವಾಕ್ಯ ನಾಲಿಗೆಯ ತುದಿಯಲ್ಲಿತ್ತು. ಸರ್ವಮಂಗಳಾ ಅದನ್ನು ನುಂಗಿಕೊಂಡಳು.

"ನೋಡಿದೆ" ಎಂದಳು. "ದೀಪ ಉರಿಯುತ್ತಿತ್ತು."

ನತಾಲ್ ಬಾಯಿ ತಲೆಯಾಡಿಸಿದರು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಬಿರಬಿರನೆ ಮುಂದೆ ನಡೆದರು. ಇವಳು ಎರಡು ಹೆಜ್ಜೆ ಹಿಂದೆ ಉಳಿದಳು. ಇನ್ನು ಮೇಲೆ ಅಂಚೆಯವನ ಸದ್ದಿಗೆ ತಾನೂ ಬಾಗಿಲಿಗೆ ಬರುತ್ತೇನೆ, ಕಂಡರಿಯದ ಆ ಸಾಲ್ವದೋರನ ದಾರಿಯನ್ನು ತಾನೂ ಕಾಯುತ್ತೇನೆ ಎಂಬುದು ಅವಳಿಗೆ ಆಗಲೇ ಗೊತ್ತಾಗಿತ್ತು. ಅವನು ಬಂದರೂ, ಬಾರದಿದ್ದರೂ, ಹೂಬತ್ತಿಯ ವಿಷಯವನ್ನು ಅಪ್ಪನಿಗಾಗಲಿ, ಪಾದ್ರಿಗಳಿಗಾಗಲಿ, ಮುಂದೆ ನಡೆಯುತ್ತಿರುವ ಈ ಹೆಂಗಸಿಗಾಗಲಿ, ಯಾರಿಗೂ ಹೇಳುವುದಿಲ್ಲವೆಂದು ಇಗರ್ಜಿಯ ಹೆಂಚು ಕಾಣಿಸುವುದರೊಳಗೆ ಅವಳು ನಿಶ್ಚಯಿಸಿಕೊಂಡಳು.